ಮೇಷ್ಟ್ರು ವರ್ಗವಾದ ಮೇಲೂ ದಳ ಉಳಿಯಲಿ

ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಮುಗಿದು ಪಟ್ಟಿ ಹೊರಬಿದ್ದಾಗ ಹಳ್ಳಿಯ ಸರ್ಕಾರಿ ಶಾಲೆ ಒಬ್ಬ ಗಣಿತದ ಮೇಷ್ಟ್ರನ್ನು ಕಳೆದುಕೊಂಡರೆ ಆ ಜಾಗಕ್ಕೆ ಇವತ್ತಲ್ಲ ನಾಳೆ ಇನ್ನೊಬ್ಬರು ಬರುತ್ತಾರೆ. ಅತಿಥಿ ಶಿಕ್ಷಕರಾದರೂ ಬರುತ್ತಾರೆ. ಆದರೆ ಅದೇ ಮೇಷ್ಟ್ರು ಸ್ಕೌಟ್ ಮಾಸ್ಟರ್ ಕೂಡ ಆಗಿದ್ದರೆ, ಅವರೊಂದಿಗೆ ಹೊರಟುಹೋಗುವ ದಳವನ್ನು ಮರಳಿ ತರುವ ಆದೇಶ ಯಾವ ಕಚೇರಿಯಿಂದಲೂ ಬರುವುದಿಲ್ಲ. ಹಗ್ಗಗಳು, ಕೋಲುಗಳು, ಧ್ವಜ, ಮಕ್ಕಳು ತರಬೇತಿಯ ಯಾವ ಸೋಪಾನ ದಾಟಿದ್ದಾರೆ ಎಂದು ಬರೆದಿಟ್ಟ ದಾಖಲೆ ಪುಸ್ತಕ, ಎಲ್ಲವೂ ಬೀರು ಸೇರುತ್ತವೆ. ದ್ವಿತೀಯ ಸೋಪಾನದಲ್ಲಿದ್ದ ಹುಡುಗ ಅಲ್ಲೇ ನಿಲ್ಲುತ್ತಾನೆ. ಎರಡು ವರ್ಷ ಕಳೆಯುವಷ್ಟರಲ್ಲಿ ಈ ಶಾಲೆಯಲ್ಲಿ ಒಂದು ದಳವಿತ್ತು ಎಂಬುದೇ ಮರೆತುಹೋಗುತ್ತದೆ. ಸ್ಕೌಟ್ಸ್ ಮತ್ತು ಗೈಡ್ಸ್ ನಮ್ಮ ಹಳ್ಳಿಗಳಲ್ಲಿ ಬೇರೂರದಿರುವುದಕ್ಕೆ ಮಕ್ಕಳ ನಿರಾಸಕ್ತಿಯನ್ನು ದೂರುವವರಿದ್ದಾರೆ, ಮೊಬೈಲನ್ನು ದೂರುವವರಿದ್ದಾರೆ, ಹಣದ ಕೊರತೆಯನ್ನು ಹೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆ. ಇಡೀ ದಳದ ಭಾರವನ್ನು ನಾವು ಒಬ್ಬ ಶಿಕ್ಷಕನ ಹೆಗಲಿಗೆ ಹಾಕಿ, ಊರಿನವರೆಲ್ಲ ಗಣರಾಜ್ಯೋತ್ಸವದ ದಿನ ಚಪ್ಪಾಳೆ ತಟ್ಟುವುದಕ್ಕಷ್ಟೇ ಬಂದು ನಿಲ್ಲುತ್ತಿದ್ದೇವೆ. ಆ ಭಾರವನ್ನು ಊರು ಹಂಚಿಕೊಂಡರೆ ದಳ ಉಳಿಯುತ್ತದೆ, ಬೆಳೆಯುತ್ತದೆ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಂಥ ಊರಿಗೆ ಅದು ಹೊಸ ವಿದ್ಯೆಯೂ ಅಲ್ಲ.

ಸ್ಕೌಟ್ ಚಳವಳಿಯ ಹುಟ್ಟನ್ನು ನೋಡಿದರೆ ಇದು ಶಾಲೆಯ ಹೊರಗೆ ಮೊಳೆತದ್ದು. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಕಟ್ಟಿಕೊಂಡು ಶಿಬಿರ ನಡೆಸಿದಾಗ ಅಲ್ಲಿ ಸಿರಿವಂತರ ಶಾಲೆಯ ಹುಡುಗರೂ ಇದ್ದರು, ದುಡಿಯುವವರ ಮನೆಯ ಹುಡುಗರೂ ಇದ್ದರು. ಮರುವರ್ಷ ಅವರ ಪುಸ್ತಕ ಕಂತುಗಳಲ್ಲಿ ಹೊರಬಂದಾಗ ಅದನ್ನೋದಿದ ಹುಡುಗರು ತಾವೇ ಗುಂಪು ಕಟ್ಟಿಕೊಂಡು, ತಮ್ಮನ್ನು ನಡೆಸಲು ಹಿರಿಯರೊಬ್ಬರು ಬೇಕೆಂದು ಹುಡುಕಿಕೊಂಡು ಹೋದರು. ಭಾರತಕ್ಕೆ ಇದು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ ದಳದ ಮೂಲಕ. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳದ್ದು. ಭಾರತೀಯ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ತೆರೆದವರು ಮದರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರಂಥವರು. ಇವರು ಯಾರೂ ಸರ್ಕಾರದ ಸುತ್ತೋಲೆಗೆ ಕಾಯಲಿಲ್ಲ. ಮಾಳವೀಯ ಮತ್ತು ಅವರ ಜೊತೆಗಾರರ ಸೇವಾ ಸಮಿತಿ ದಳಗಳು ಮೇಳಗಳಲ್ಲಿ ಯಾತ್ರಿಕರಿಗೆ ನೆರವಾಗುತ್ತ ಬೆಳೆದವು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. 1951ರಲ್ಲಿ ಗೈಡ್‌ಗಳೂ ಸೇರಿದರು. ಇದು ಬ್ರಿಟಿಷರು ಬಿಟ್ಟುಹೋದ ಖಾಕಿ ಗೀಳು ಎಂದು ಮೂಗು ಮುರಿಯುವವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು. ತಮ್ಮ ಮಕ್ಕಳನ್ನು ಹೊರಗಿಟ್ಟ ಸಂಸ್ಥೆಯೊಂದನ್ನು ಈ ದೇಶದ ಸ್ವಯಂಸೇವಕರು ಕಿತ್ತುಕೊಂಡು ತಮ್ಮದಾಗಿಸಿಕೊಂಡ ಕಥೆ ಅದು.

ಆಮೇಲೆ ಸ್ಕೌಟಿಂಗ್ ಶಾಲೆಯ ಆವರಣದೊಳಗೆ ನೆಲೆಸಿತು. ಇದರಿಂದ ಆದ ಲಾಭ ದೊಡ್ಡದು. ಶುಲ್ಕ ಕಟ್ಟಲಾಗದ ಮನೆಯ ಮಗುವಿಗೂ ಸ್ಕಾರ್ಫ್ ಸಿಕ್ಕಿತು, ಮೈದಾನ ಸಿಕ್ಕಿತು, ಮಕ್ಕಳನ್ನು ಹುಡುಕುವ ಕಷ್ಟ ತಪ್ಪಿತು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥ ಹಿರಿಯರು ಇದಕ್ಕಾಗಿ ಬದುಕು ಸವೆಸಿದರು. ದೊಡ್ಡಬಳ್ಳಾಪುರದಲ್ಲಿ, ದಾವಣಗೆರೆ ಬಳಿಯ ಕೊಂಡಜ್ಜಿಯಲ್ಲಿ ತರಬೇತಿಯ ನೆಲೆಗಳಾದವು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ಬಂದ ಮಕ್ಕಳ ಸಂಖ್ಯೆ ಹತ್ತಾರು ಸಾವಿರ. ಮಕ್ಕಳಿಗೆ ಆಸಕ್ತಿ ಇಲ್ಲ ಎನ್ನುವ ಮಾತು ಅಲ್ಲಿಗೇ ಬಿದ್ದುಹೋಯಿತು. ಆದರೆ ಶಾಲೆಗೆ ಅಂಟಿಕೊಂಡದ್ದರಿಂದ ಒಂದು ನಷ್ಟವೂ ಆಯಿತು. ದಳ ಎಂದರೆ ಶಿಕ್ಷಕರ ಇನ್ನೊಂದು ಹೆಚ್ಚುವರಿ ಕೆಲಸ ಎಂಬ ಭಾವನೆ ಬಂತು. ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ಗಣತಿ, ಇವೆಲ್ಲದರ ಕೊನೆಗೆ ಸ್ಕೌಟ್ಸ್. ಪೋಷಕರಿಗೂ ಅದು ಶಾಲೆಯವರು ನೋಡಿಕೊಳ್ಳುವ ವಿಷಯವಾಯಿತು. ತೆರೆದ ದಳ, ಅಂದರೆ ಯಾವ ಶಾಲೆಗೂ ಸೇರದೆ ಊರಿನವರೇ ನಡೆಸುವ ದಳ, ನಿಯಮಾವಳಿಯಲ್ಲಿ ಇದ್ದರೂ ಹಳ್ಳಿಯಲ್ಲಿ ಕಾಣಸಿಗುವುದು ಅಪರೂಪ.

ಒಂದು ದಳಕ್ಕೆ ನಿಜವಾಗಿ ಏನೇನು ಬೇಕು ಎಂದು ಬಿಡಿಸಿ ನೋಡಿದರೆ ಶಿಕ್ಷಕರೊಬ್ಬರೇ ಏಕೆ ಸೋಲುತ್ತಾರೆ ಎಂಬುದು ಅರ್ಥವಾಗುತ್ತದೆ. ಆರರಿಂದ ಎಂಟು ಮಕ್ಕಳ ಒಂದು ಪುಟ್ಟ ತಂಡ, ಅದಕ್ಕೆ ಅವರದೇ ವಯಸ್ಸಿನ ಒಬ್ಬ ನಾಯಕ; ಅಂಥ ನಾಲ್ಕು ತಂಡ ಸೇರಿದರೆ ಹೆಚ್ಚೆಂದರೆ 32 ಮಕ್ಕಳ ದಳ. ವಾರಕ್ಕೊಮ್ಮೆ ಸಭೆ ನಡೆಯಬೇಕು. ಗಂಟು ಹಾಕುವುದು, ದಿಕ್ಕು ಗುರುತಿಸುವುದು, ಪ್ರಥಮ ಚಿಕಿತ್ಸೆ, ಅಡುಗೆ, ಗುಡಾರ, ಸಂಕೇತಗಳು, ಹಾಡು, ಆಟ, ಇವುಗಳನ್ನು ಕಲಿಸಿ ಸೋಪಾನದಿಂದ ಸೋಪಾನಕ್ಕೆ ಹತ್ತಿಸಬೇಕು. ಮುಂದೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆಗೆ ಅಣಿಗೊಳಿಸಬೇಕು. ಇದರ ಜೊತೆಗೆ ಪೋಷಕರ ಒಪ್ಪಿಗೆ ಪತ್ರ, ಶುಲ್ಕ, ನವೀಕರಣ, ಶಿಬಿರಕ್ಕೆ ವಾಹನ, ಅಲ್ಲಿ ಊಟ, ರಾತ್ರಿ ಕಾವಲು, ಜ್ವರ ಬಂದ ಮಗುವನ್ನು ಮನೆಗೆ ಮುಟ್ಟಿಸುವುದು. ಇದರಲ್ಲಿ ತರಬೇತಿ ಪಡೆದವರೇ ಮಾಡಬೇಕಾದ ಕೆಲಸ ಒಂದು ಪಾಲು ಮಾತ್ರ. ಅದಕ್ಕಾಗಿ ಬೇಸಿಕ್ ಶಿಬಿರವಿದೆ, ಅಡ್ವಾನ್ಸ್ ಶಿಬಿರವಿದೆ, ಮುಂದೆ ಹಿಮಾಲಯ ವುಡ್‌ ಬ್ಯಾಡ್ಜ್ ಇದೆ. ಉಳಿದದ್ದಕ್ಕೆ ಬೇಕಾದದ್ದು ವ್ಯವಧಾನ ಮತ್ತು ಲೋಕಾನುಭವ. ಒಬ್ಬರು ಲೆಕ್ಕ ಇಟ್ಟರೆ, ಇನ್ನೊಬ್ಬರು ವಾಹನ ನೋಡಿಕೊಂಡರೆ, ಮತ್ತಿಬ್ಬರು ತಿಂಗಳಿಗೊಂದು ಶನಿವಾರ ಬಂದು ತಮಗೆ ಗೊತ್ತಿರುವ ಒಂದು ಕಸುಬನ್ನು ಹೇಳಿಕೊಟ್ಟರೆ, ಸ್ಕೌಟ್ ಮಾಸ್ಟರ್ ತನ್ನ ನಿಜವಾದ ಕೆಲಸಕ್ಕೆ ಬಿಡುವಾಗುತ್ತಾರೆ. ಅವರು ವರ್ಗವಾದರೂ ಉಳಿದ ನಾಲ್ವರು ಇದ್ದೇ ಇರುತ್ತಾರೆ, ಹೊಸಬರನ್ನು ಬೇಸಿಕ್ ಶಿಬಿರಕ್ಕೆ ಕಳಿಸುವವರೆಗೆ ದಳವನ್ನು ಹಿಡಿದು ನಿಲ್ಲಿಸುತ್ತಾರೆ.

ಯಡಿಯೂರಿನಲ್ಲಿ ನಿಂತು ಈ ಮಾತನ್ನು ಯೋಚಿಸಿದರೆ ಅದು ಇನ್ನಷ್ಟು ಹತ್ತಿರದ್ದಾಗುತ್ತದೆ. ಇಲ್ಲಿನ ಸಿದ್ಧಲಿಂಗೇಶ್ವರರ ಸನ್ನಿಧಿಗೆ ಬಂದವರಿಗೆ ಊಟವಿಲ್ಲ ಎಂದು ಹೇಳುವುದಿಲ್ಲ. ಈ ನಾಡಿನ ದಾಸೋಹ ಎಂದೂ ಒಬ್ಬರ ಕೈಯಡುಗೆಯಾಗಿರಲಿಲ್ಲ. ಅಕ್ಕಿ ತಂದವರು ಒಬ್ಬರು, ತರಕಾರಿ ಹೆಚ್ಚಿದವರು ಒಬ್ಬರು, ಬಡಿಸಿದವರು ಮತ್ತೊಬ್ಬರು, ಎಲೆ ಎತ್ತಿದವರು ಇನ್ನೊಬ್ಬರು. ಯಾರೊಬ್ಬರು ಬರದಿದ್ದರೂ ಪಂಕ್ತಿ ನಿಲ್ಲುವುದಿಲ್ಲ. ಅದೇ ಸಿದ್ಧಲಿಂಗೇಶ್ವರರು, ಅಂದರೆ ತೋಂಟದ ಸಿದ್ಧಲಿಂಗ ಯತಿಗಳು, ಏಳುನೂರೊಂದು ವಿರಕ್ತರನ್ನು ಜೊತೆಗಿಟ್ಟುಕೊಂಡು ಸಂಚರಿಸಿದರೆಂದು ಪರಂಪರೆ ಹೇಳುತ್ತದೆ. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರು ಒಬ್ಬರಾದರೂ ಅವರ ಅರಿವು ಐದು ಶತಮಾನ ದಾಟಿ ಬಂದದ್ದು ಹಲವರ ಹೆಗಲ ಮೇಲೆ. ಈ ಹೋಬಳಿಯಲ್ಲಿ ದಳಕ್ಕೆ ಬೇಕಾದ ವಿದ್ಯೆಗಳಿಗೇನು ಬರವೇ? ಹಗ್ಗದ ಗಂಟು ಬಿಗಿದು ಸಡಿಲಿಸುವ ಜಾಣ್ಮೆ ತೆಂಗಿನ ಮರ ಹತ್ತುವವರ ಕೈಯಲ್ಲಿದೆ. ಕರುವನ್ನು ಕಟ್ಟುವಾಗ ಕೊರಳು ಬಿಗಿಯದ ಹಾಗೆ ಕಣ್ಣಿ ಹಾಕುವುದು ಪ್ರತಿ ರೈತರ ಮನೆಯ ಹೆಂಗಸರಿಗೂ ಗೊತ್ತು. ಸ್ಕೌಟ್ ಪುಸ್ತಕ ಅದಕ್ಕೆ ಬೇರೆ ಹೆಸರು ಕೊಟ್ಟಿದೆ, ಅಷ್ಟೇ. ಸಾವಿರ ಜನಕ್ಕೆ ಸಾರು ಕಾಯಿಸುವವರಿದ್ದಾರೆ. ಆಶಾ ಕಾರ್ಯಕರ್ತೆಯರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಹುತ್ರಿದುರ್ಗ, ಹುಲಿಯೂರುದುರ್ಗದ ಬೆಟ್ಟಗಳು ಇದೇ ತಾಲ್ಲೂಕಿನವು, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಕೂಗಳತೆಯಲ್ಲಿದೆ. ನಕ್ಷೆ ಓದುವುದನ್ನು, ನೀರಿನ ಹತ್ತಿರ ಹೇಗಿರಬೇಕೆಂಬುದನ್ನು ಕಲಿಸಲು ದೂರದ ಶಿಬಿರಕ್ಕೇ ಹೋಗಬೇಕಿಲ್ಲ. ಕೆರೆ ಕಟ್ಟೆಗಳಲ್ಲಿ ಮುಳುಗಿದ ಮಕ್ಕಳ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಮುಳುಗುವವನ ಹಿಂದೆ ತಾನೂ ಹಾರಬಾರದು, ದಡದಿಂದಲೇ ಹಗ್ಗ ಎಸೆಯಬೇಕು, ಬೊಂಬು ಚಾಚಬೇಕು ಎಂಬುದನ್ನು ಹತ್ತು ಸಲ ಅಭ್ಯಾಸ ಮಾಡಿದ ಮಗುವಿಗೂ ಮಾಡದ ಮಗುವಿಗೂ ಇರುವ ವ್ಯತ್ಯಾಸ ಜೀವದ್ದು.

ಇಷ್ಟೆಲ್ಲ ಮಾಡಿ ಮಕ್ಕಳಿಗೇನು ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದ ಸುಮಾರು ಹತ್ತು ಸಾವಿರ ಜನರನ್ನು ಬದುಕಿನುದ್ದಕ್ಕೂ ಗಮನಿಸುತ್ತ ಬಂದ ಅಧ್ಯಯನವೊಂದರ ಮಾಹಿತಿಯನ್ನು ಎಡಿನ್‌ಬರೊ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಸ್ಕೌಟ್ ಅಥವಾ ಗೈಡ್ ಆಗಿದ್ದವರಲ್ಲಿ, 50ನೇ ವಯಸ್ಸಿನಲ್ಲಿ ಆತಂಕ ಮತ್ತು ಖಿನ್ನತೆಯಂಥ ತೊಂದರೆಗಳ ಸಾಧ್ಯತೆ ಶೇ 15ರಷ್ಟು ಕಡಿಮೆ ಇತ್ತು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಅದರ ಇನ್ನೊಂದು ಅಂಶ. ಸಾಮಾನ್ಯವಾಗಿ ಬಡ ಮನೆಯಲ್ಲಿ ಬೆಳೆದವರಿಗೂ ಉಳ್ಳವರ ಮನೆಯಲ್ಲಿ ಬೆಳೆದವರಿಗೂ ಮಾನಸಿಕ ಆರೋಗ್ಯದಲ್ಲಿ ಕಾಣುವ ಅಂತರ ದಳದಲ್ಲಿ ಬೆಳೆದವರಲ್ಲಿ ಕಾಣಲಿಲ್ಲ. ಒಂದಾದ ಮೇಲೊಂದು ಘಟಿಸಿದ್ದಕ್ಕೆ ಮೊದಲನೆಯದೇ ಕಾರಣ ಎನ್ನಲಾಗದು, ದಳಕ್ಕೆ ಸೇರುವ ಮಕ್ಕಳ ಮನೆಗಳೇ ಬೇರೆ ರೀತಿಯವಾಗಿರಬಹುದು ಎಂಬ ತಕರಾರನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಂಡೇ ಹಲವು ಅಂಶಗಳನ್ನು ಸರಿದೂಗಿಸಿದ್ದರು. ಆದರೂ ಬ್ರಿಟನ್ನಿನ ಫಲವನ್ನು ಹಾಗೆಯೇ ಎತ್ತಿ ಕುಣಿಗಲ್ಲಿಗೆ ಅಂಟಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಅದು ತೋರಿಸುವ ದಿಕ್ಕನ್ನಂತೂ ತಳ್ಳಿಹಾಕಲಾಗದು. ಅದೇ ಬ್ರಿಟನ್ನಿನಲ್ಲಿ ಇಂದು ಹತ್ತಾರು ಸಾವಿರ ಮಕ್ಕಳು ದಳಕ್ಕೆ ಸೇರಲು ಕಾಯುವ ಪಟ್ಟಿಯಲ್ಲಿದ್ದಾರೆ. ಕಾರಣ, ನಡೆಸುವ ಹಿರಿಯರ ಕೊರತೆ. ಹಣವಿರುವ ದೇಶದಲ್ಲೂ ಗಂಟು ಬಿದ್ದಿರುವುದು ಅಲ್ಲೇ.

ನಮ್ಮ ಪೋಷಕರ ಆಕ್ಷೇಪ ಬೇರೆ: ಶನಿವಾರ ಮಧ್ಯಾಹ್ನ ಹಗ್ಗ ಹಿಡಿದು ಕೂತರೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಯಾರು ಕೊಡುತ್ತಾರೆ? ಯಡಿಯೂರಿನ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಓಡುವ ಬಸ್ಸುಗಳನ್ನು ದಿನವೂ ನೋಡುವ ತಂದೆತಾಯಿಗೆ ಈ ಆತಂಕ ಸಹಜ. ಅದನ್ನು ಹಗುರ ಮಾಡುವುದು ತಪ್ಪು. ರೈಲ್ವೆಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ ಎಂದು ಹೇಳಿ ಅವರನ್ನು ಒಲಿಸಲು ನೋಡುವವರಿದ್ದಾರೆ. ಕೋಟಾ ಇರುವುದು ನಿಜ, ಹುದ್ದೆಗಳು ಬೆರಳೆಣಿಕೆಯವು. ಆ ಆಸೆ ತೋರಿಸಿ ದಳ ಕಟ್ಟಿದರೆ ಕೆಲಸ ಸಿಗದ ದಿನ ದಳವೂ ಹೋಗುತ್ತದೆ. ಪೋಷಕರಿಗೆ ಹೇಳಬೇಕಾದ ಉತ್ತರ ಸರಳವಾದದ್ದು. ವಾರದ ನೂರಾ ಅರವತ್ತೆಂಟು ಗಂಟೆಗಳಲ್ಲಿ ದಳ ಕೇಳುತ್ತಿರುವುದು ಎರಡನ್ನು. ಏಳು ಮಂದಿಯನ್ನು ಒಪ್ಪಿಸಿ ಒಂದು ಕೆಲಸ ಮುಗಿಸಿದ ಅನುಭವ ಹದಿಮೂರನೇ ವಯಸ್ಸಿಗೆ ಸಿಕ್ಕ ಹುಡುಗಿ ಮುಂದೆ ಕಾಲೇಜಿನಲ್ಲೋ ಕಾರ್ಖಾನೆಯಲ್ಲೋ ಬಾಯಿ ಬಿಡಲು ಹೆದರುವುದಿಲ್ಲ. ಎನ್‌ಸಿಸಿ, ಎನ್‌ಎಸ್‌ಎಸ್ ಇವೆಯಲ್ಲ ಎಂಬ ಮಾತೂ ಬರುತ್ತದೆ. ಎನ್‌ಎಸ್‌ಎಸ್ ಹೆಚ್ಚಾಗಿ ಪಿಯು ಮತ್ತು ಪದವಿಯವರಿಗೆ, ಎನ್‌ಸಿಸಿ ಪ್ರೌಢಶಾಲೆಯಿಂದ ಮೇಲೆ ಮತ್ತು ಮಂಜೂರಾತಿ ಸಿಕ್ಕ ಕಡೆ ಮಾತ್ರ. ಪ್ರಾಥಮಿಕ ಶಾಲೆಯ ಕಬ್, ಬುಲ್‌ಬುಲ್‌ಗಳಿಂದ ಹಿಡಿದು 25ರ ಹರೆಯದ ರೋವರ್, ರೇಂಜರ್‌ವರೆಗೆ ಒಂದೇ ಏಣಿ ಇರುವುದು ಇಲ್ಲಿ. ಆ ಏಣಿಯ ಮೇಲಿನ ಮೆಟ್ಟಿಲಲ್ಲೇ ಸ್ವಯಂಸೇವಕರೂ ತಯಾರಾಗುತ್ತಾರೆ. ಕುಣಿಗಲ್ಲಿಗೋ ತುಮಕೂರಿಗೋ ಕಾಲೇಜಿಗೆ ಹೋಗಿಬರುವ ಯುವಕ ಯುವತಿಯರು ರೋವರ್, ರೇಂಜರ್‌ಗಳಾಗಿ ತಮ್ಮ ಹಳೆಯ ಶಾಲೆಯ ಕಿರಿಯರಿಗೆ ಆಟ ಆಡಿಸಲಿ. ಈ ಮೂಲವನ್ನು ನಾವು ಮುಟ್ಟಿಯೇ ಇಲ್ಲ.

ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವ ಆಕ್ಷೇಪ ಮಕ್ಕಳ ಸುರಕ್ಷತೆಯದ್ದು. ಸ್ವಯಂಸೇವಕರು ಎಂದು ಬಾಗಿಲು ತೆರೆದರೆ ಯಾರು ಬೇಕಾದರೂ ಒಳಗೆ ಬರಬಹುದಲ್ಲ? ಬರಬಹುದು, ಬಂದಿದ್ದಾರೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು 82 ಸಾವಿರಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ಪರಿಹಾರದ ಮೊತ್ತ 240 ಕೋಟಿ ಡಾಲರ್ ದಾಟಿತು. ದಶಕಗಳ ಕಾಲ ಸಂಸ್ಥೆ ಅಂಥವರ ಹೆಸರುಗಳನ್ನು ಒಳಗಿನ ಕಡತಗಳಲ್ಲಿ ಇಟ್ಟುಕೊಂಡಿತ್ತು, ಪೋಷಕರಿಗೆ ತಿಳಿಸಲಿಲ್ಲ. ಸ್ಕೌಟಿಂಗ್ ಬಗ್ಗೆ ಪ್ರೀತಿ ಇರುವವರು ಈ ವಿಷಯವನ್ನು ಮುಚ್ಚಿಟ್ಟು ಮಾತಾಡಬಾರದು. ಅಲ್ಲಿನ ಅನಾಹುತದಲ್ಲಿ ನಮಗೊಂದು ಸೂಚನೆಯಿದೆ: ಒಬ್ಬನೇ ವಯಸ್ಕನ ಕೈಗೆ ಮಕ್ಕಳನ್ನು ಪೂರ್ತಿ ಒಪ್ಪಿಸಿ, ಅವನ ಮೇಲಿನ ಗೌರವದಿಂದ ಉಳಿದವರು ಕಣ್ಣು ಬೇರೆಡೆ ತಿರುಗಿಸಿದಾಗಲೇ ಇಂಥದ್ದು ನಡೆಯುತ್ತದೆ. ಹಲವರು ಸೇರಿ ನಡೆಸುವ ದಳ ಆ ಅಪಾಯವನ್ನು ಕಡಿಮೆ ಮಾಡುತ್ತದೆ, ಆದರೆ ತನ್ನಷ್ಟಕ್ಕೆ ತಾನೇ ಮಾಡುವುದಿಲ್ಲ. ಯಾವ ಸಭೆಯಲ್ಲೂ ಶಿಬಿರದಲ್ಲೂ ಇಬ್ಬರು ವಯಸ್ಕರಿಲ್ಲದೆ ಮಕ್ಕಳಿರಬಾರದು. ಗೈಡ್ಸ್ ಮತ್ತು ಬುಲ್‌ಬುಲ್ ಮಕ್ಕಳ ಜೊತೆ ಮಹಿಳೆಯರೇ ಇರಬೇಕು. ದಳಕ್ಕೆ ಬರುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಆಗಬೇಕು, ಅವರು ಎಷ್ಟೇ ದೊಡ್ಡ ಮನೆತನದವರಾಗಿರಲಿ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆ ಮಕ್ಕಳ ಬಾಯಲ್ಲಿರಬೇಕು. ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸದಿರುವುದೇ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ ಎಂಬುದನ್ನು ಸ್ವಯಂಸೇವಕರಿಗೆ ಮೊದಲ ದಿನವೇ ಹೇಳಬೇಕು. ಇದನ್ನು ಅವಮಾನವೆಂದು ತಿಳಿಯುವವರು ದಳಕ್ಕೆ ಬರುವುದು ಬೇಡ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ದಳಗಳ ಹೆಸರು ಕೆಡಿಸಿದೆ. ಸಮವಸ್ತ್ರದ ಮಕ್ಕಳು ಕಂಡರೆ ಸಾಕು, ಮಂತ್ರಿಗಳ ಸ್ವಾಗತಕ್ಕೆ ಎರಡು ಸಾಲು ನಿಲ್ಲಿಸುವ ಚಟ ನಮ್ಮ ಕಡೆ ಇದೆ. ಬಿಸಿಲಲ್ಲಿ ಎರಡು ಗಂಟೆ ನಿಂತ ಮಗು ಸೇವೆ ಕಲಿಯುವುದಿಲ್ಲ, ದೊಡ್ಡವರ ಸಮಯಕ್ಕೆ ಮಾತ್ರ ಬೆಲೆ ಎಂಬುದನ್ನು ಕಲಿಯುತ್ತದೆ. ಅದರ ಬದಲು ಊರಿನ ರಥೋತ್ಸವದಲ್ಲಿ ಸ್ಕೌಟುಗಳು ಕುಡಿಯುವ ನೀರು ಕೊಡಲಿ, ತಪ್ಪಿಸಿಕೊಂಡ ಮಕ್ಕಳನ್ನು ಪೋಷಕರಿಗೆ ಸೇರಿಸುವ ಮೇಜಿನ ಬಳಿ ಕೂರಲಿ, ವಯಸ್ಸಾದವರ ಕೈ ಹಿಡಿದು ಮೆಟ್ಟಿಲು ಹತ್ತಿಸಲಿ. ತೇರಿನ ಹಗ್ಗದ ಬಳಿಯ ನೂಕುನುಗ್ಗಲು ತಡೆಯುವುದು ಪೊಲೀಸರ ಕೆಲಸ. ಯಾವುದು ಮಕ್ಕಳ ಕೆಲಸ, ಯಾವುದು ಅಲ್ಲ ಎಂದು ಗಟ್ಟಿಯಾಗಿ ಹೇಳಲು ಸರ್ಕಾರಿ ನೌಕರರಾದ ಶಿಕ್ಷಕರಿಗೆ ಬಹಳ ಸಲ ಆಗುವುದಿಲ್ಲ. ಊರಿನ ಸ್ವಯಂಸೇವಕರಿಗೆ ಆಗುತ್ತದೆ. ದಳದ ಭಾರವನ್ನು ಊರು ಹಂಚಿಕೊಳ್ಳಬೇಕೆನ್ನಲು ಇದೂ ಒಂದು ಕಾರಣ.

ಹುಡುಗಿಯರ ದಳಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಗೈಡ್ ದಳ ನಡೆಯಬೇಕಾದರೆ ಹೆಂಗಸರ ಬಿಡುವು ಬೇಕು, ಹಳ್ಳಿಯ ಹೆಂಗಸರ ಬಿಡುವು ಎಷ್ಟು ಎಂಬುದು ಎಲ್ಲರಿಗೂ ಗೊತ್ತು: ಹಾಲು ಕರೆಯುವ ಹೊತ್ತು, ನೀರು ಬಿಡುವ ಹೊತ್ತು, ಒಲೆ ಹೊತ್ತಿಸುವ ಹೊತ್ತು. ಸಂಜೆ ಐದಕ್ಕೆ ಸಭೆ ಇಟ್ಟು ಮಹಿಳೆಯರು ಬರುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲಿನ ಒಂದೂವರೆ ಗಂಟೆ ಅವರಿಗೆ ಹೊಂದುತ್ತದೆ. ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರವಂತೂ ದಳದ ಸಭೆಗೆಂದೇ ಹೇಳಿ ಮಾಡಿಸಿದ ಹಾಗಿದೆ. ಸ್ವಸಹಾಯ ಸಂಘಗಳಲ್ಲಿ ಉಳಿತಾಯದ ಪುಸ್ತಕವನ್ನು ಪೈಸೆ ತಪ್ಪದೆ ಬರೆಯುವ ಮಹಿಳೆಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ದಳದ ಲೆಕ್ಕ ಅವರಿಗೆ ಯಾವ ಲೆಕ್ಕ? ಶಿಬಿರದಲ್ಲಿ ತಂಡದ ಮಕ್ಕಳೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ ಒಟ್ಟಿಗೆ ಕೂತು ಉಣ್ಣುತ್ತಾರೆ. ಯಾರ ಕೈಯ ಅನ್ನ ಎಂದು ಈಗಲೂ ಕೇಳುವ ಮನೆಗಳಿಂದ ಬಂದ ಮಕ್ಕಳು ಅಲ್ಲಿ ಆ ಪ್ರಶ್ನೆ ಮರೆತು ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಾರೆ. ಸಿದ್ಧಗಂಗೆಯ ಪ್ರಸಾದ ನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡು ಬೆಳೆದದ್ದನ್ನು ಕಂಡ ಜಿಲ್ಲೆ ನಮ್ಮದು. ಇದರ ಬೆಲೆಯನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ.

ಕೊನೆಯ ಸಂದೇಹ, ಬಹುಶಃ ಅತ್ಯಂತ ಪ್ರಾಮಾಣಿಕವಾದದ್ದು, ಉತ್ಸಾಹ ಎಷ್ಟು ದಿನ ಇರುತ್ತದೆ ಎಂಬುದು. ಮೊದಲ ತಿಂಗಳು ಹತ್ತು ಜನ, ಆರನೇ ತಿಂಗಳು ಮೇಷ್ಟ್ರು ಒಬ್ಬರೇ. ಇದು ಆಗುವುದು ನಾವು ಜನರಿಂದ ಕೊನೆಯಿಲ್ಲದ, ಗಾತ್ರವಿಲ್ಲದ ಸೇವೆ ಕೇಳುವುದರಿಂದ. ಬನ್ನಿ, ಏನಾದರೂ ಮಾಡಿ ಎಂದರೆ ಯಾರೂ ಬಹಳ ದಿನ ನಿಲ್ಲುವುದಿಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ತಿಂಗಳ ಎರಡನೇ ಶನಿವಾರ ಪ್ರಥಮ ಚಿಕಿತ್ಸೆ ನಿಮ್ಮದು, ಮಾರ್ಚ್‌ಗೆ ನಿಮ್ಮ ಹೊಣೆ ಮುಗಿಯಿತು ಎಂದು ಹೇಳಿದರೆ ಬಸ್ ನಿಲ್ದಾಣದ ಬಳಿಯ ಔಷಧಿ ಅಂಗಡಿಯವರೂ ಒಪ್ಪುತ್ತಾರೆ. ಇದನ್ನು ಗೊತ್ತುಮಾಡಲು ಹೊಸ ಸಮಿತಿ ಹುಟ್ಟುಹಾಕಬೇಕಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಮಗೆ ದಳ ಬೇಕು, ಯಾರು ಬರುತ್ತೀರಿ ಎಂದು ಕೇಳಲಿ. ಎದುರಿಗೆ ಕೂತ ದೊಡ್ಡವರಿಗೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ. ಐದು ಹೆಸರು, ಐದು ಕೆಲಸ, ಹತ್ತು ತಿಂಗಳು ಎಂದು ಪಂಚಾಯಿತಿಯ ನಡಾವಳಿಯಲ್ಲಿ ಬರೆಸಲಿ. ಜೊತೆಗೆ ಇನ್ನೊಂದು ಸಣ್ಣ ಬದಲಾವಣೆ. ದಳದ ಹಗ್ಗ, ಧ್ವಜ, ದಾಖಲೆ ಪುಸ್ತಕಗಳ ಪೆಟ್ಟಿಗೆಗೆ ಎರಡು ಕೀಲಿ ಮಾಡಿಸಬೇಕು. ಒಂದು ಸ್ಕೌಟ್ ಮಾಸ್ಟರ್ ಬಳಿ ಇರಲಿ. ಇನ್ನೊಂದು ಯಾವ ಕೌನ್ಸೆಲಿಂಗಿನಲ್ಲೂ ವರ್ಗವಾಗದ, ಅದೇ ಊರಿನ ಒಬ್ಬರ ಮನೆಯ ಮೊಳೆಗೆ ನೇತುಹಾಕಿರಲಿ.